ಮೊರೆ ಮುಟ್ಟಲಿ



ದೇವರ ಮುಂದೆ ನಿಂತಾಗ ನಮ್ಮ ಬೇಡಿಕೆಗಳು ಸಾಲುಗಟ್ಟುತ್ತವೆ. ಕಾಯಿಲೆ ವಾಸಿಯಾಗಲಿ, ಸಾಲ ತೀರಲಿ, ಮಗಳಿಗೆ ಕೆಲಸ ಸಿಗಲಿ. ಬೈಬಲ್ಲಿನ 102ನೆಯ ಕೀರ್ತನೆ ಸಂಕಟದಲ್ಲಿ ಕುಗ್ಗಿಹೋದವನೊಬ್ಬನ ಪ್ರಾರ್ಥನೆ. ಊಟ ಸೇರದ್ದು, ನಿದ್ದೆ ಹತ್ತದ್ದು, ಒಂಟಿಯಾದದ್ದು, ಎಲ್ಲವನ್ನೂ ಅವನು ಮುಂದೆ ತೋಡಿಕೊಳ್ಳುತ್ತಾನೆ. ಆದರೆ ಮೊದಲ ವಚನದಲ್ಲಿ ಅವನು ಬೇಡುವುದು ಒಂದನ್ನೇ: ತನ್ನ ಮೊರೆ ದೇವರನ್ನು ಮುಟ್ಟಲಿ ಎಂದು.

ಲಂಡನ್ನಿನ ಸಂಗೀತ ರಚನೆಕಾರ ಹೆನ್ರಿ ಪರ್ಸೆಲ್ ಸುಮಾರು 1682ರಲ್ಲಿ ಈ ಒಂದು ವಚನಕ್ಕೆ ಎಂಟು ಕಂಠಗಳ ಸಂಗೀತ ಬರೆದ. ವಯಸ್ಸು 23ರ ಆಸುಪಾಸು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಆರ್ಗನ್ ವಾದಕನಾಗಿ ಆಗಲೇ ಕೆಲವು ವರ್ಷ ಕಳೆದಿದ್ದವು. ಅವನು ಹುಟ್ಟುವ ಮೊದಲು, ಅರಸೊತ್ತಿಗೆ ಉರುಳಿದ ಅಂತರ್ಯುದ್ಧದ ಕಾಲದಲ್ಲಿ, ಇಂಗ್ಲೆಂಡಿನ ಚರ್ಚುಗಳಿಂದ ಆರ್ಗನ್‌ಗಳನ್ನು ಕಿತ್ತುಹಾಕಿದ್ದರು, ಗಾಯಕವೃಂದಗಳು ಚದುರಿಹೋಗಿದ್ದವು. 1660ರಲ್ಲಿ ಅರಸೊತ್ತಿಗೆ ಮರಳಿದ ಮೇಲೆಯೇ ಹಾಡು ಮತ್ತೆ ಎದ್ದದ್ದು. ಪರ್ಸೆಲ್ ಹಿಂದಿನ ಕಾಲದ ರಚನೆಕಾರರಾದ ಟ್ಯಾಲಿಸ್, ಬರ್ಡ್, ಗಿಬ್ಬನ್ಸ್ ಅವರ ಕೃತಿಗಳನ್ನು ಕೈಯಾರೆ ನಕಲು ಮಾಡಿಕೊಂಡ. ಕಡಿದುಹೋಗಿದ್ದ ಪರಂಪರೆಯ ಎಳೆಯನ್ನು ಹುಡುಕಿ ಹಿಡಿಯಲು ಆ ಯುವಕ ಪಟ್ಟ ಶ್ರಮ ನೆನೆದರೆ ನನಗೆ ಗೌರವ ಉಕ್ಕುತ್ತದೆ.

ಈಗ ಆ ಸಂಗೀತ. ಮೊದಲು ಒಂದೇ ಕಂಠ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ, ಅದು ಷಡ್ಜದಲ್ಲೇ ನಿಂತು, ಸಾಧಾರಣ ಗಾಂಧಾರವನ್ನು ಮುಟ್ಟಿ, ಷಡ್ಜಕ್ಕೇ ಮರಳುತ್ತದೆ. ಎರಡೇ ಸ್ವರ. ದಣಿದವನಿಗೆ ಹೆಚ್ಚು ಏರಿಳಿಯುವ ತ್ರಾಣವೆಲ್ಲಿ? ಬಳಿಕ ಇನ್ನೊಂದು ಕಂಠ ಸೇರುತ್ತದೆ, ಮತ್ತೊಂದು ಸೇರುತ್ತದೆ. ಮೊರೆ ಎಂಬ ಮಾತು ಬಂದಲ್ಲಿ ರಾಗ ನೇರ ನಡೆಯುವುದಿಲ್ಲ, ಪಕ್ಕಪಕ್ಕದ ಸ್ವರಸ್ಥಾನಗಳ ನಡುವೆ ನರಳುತ್ತದೆ. ಎಂಟೂ ಕಂಠಗಳು ಅದದೇ ಮಾತನ್ನು ತಂತಮ್ಮ ಹೊತ್ತಿಗೆ ಎತ್ತಿಕೊಳ್ಳುತ್ತವೆ. ಒಂದೇ ರಾಗದ ಎಳೆ ಹಿಡಿದು ಕೇಳುವ ನಮ್ಮ ಕಿವಿಗೆ ಮೊದಲಿಗೆ ಗೊಂದಲವೆನಿಸೀತು. ಯಾವುದಾದರೂ ಒಂದು ದನಿಯ ಬೆನ್ನುಹತ್ತಿ. ಉಳಿದವು ತಾವಾಗಿಯೇ ಸುತ್ತ ಬಂದು ನಿಲ್ಲುತ್ತವೆ. ಒಬ್ಬನ ಅಳಲು ಸಮುದಾಯದ ಅಳಲಾಗಿ ದಟ್ಟವಾಗುತ್ತಾ ಹೋಗುತ್ತದೆ. ಕೊನೆಗೆ ಬರುವ ಹೊತ್ತಿಗೆ ಅಕ್ಕಪಕ್ಕದ ಸ್ವರಗಳೆಲ್ಲ ಒಟ್ಟಿಗೆ ಮೊಳಗಿ, ಒಂದಕ್ಕೊಂದು ಉಜ್ಜಿ, ಎದೆ ಹಿಂಡುವಂಥ ಘರ್ಷಣೆ ಹುಟ್ಟುತ್ತದೆ. ಮರುಗಳಿಗೆಯೇ ಅದು ಸಡಿಲುತ್ತದೆ. ಇಷ್ಟೆಲ್ಲ ಆಗುವುದು ಸುಮಾರು ಮೂರು ನಿಮಿಷದಲ್ಲಿ, ಸ್ವರಲಿಪಿಯ 34 ಬಾರ್‌ಗಳಲ್ಲಿ, ಅಂದರೆ ತಾಳದ ಆವರ್ತದಂಥ 34 ಅಳತೆಗಳಲ್ಲಿ.

ಪರ್ಸೆಲ್ ಬದುಕಿದ್ದ ಬರೋಕ್ ಕಾಲದ ಸಂಗೀತವೆಂದರೆ ಆಡಂಬರ, ಅಲಂಕಾರ ಎಂಬ ಮಾತಿದೆ. ಇಲ್ಲಿ ಅಲಂಕಾರಕ್ಕೆಂದೇ ಇಟ್ಟ ಒಂದು ಸ್ವರವೂ ನನಗೆ ಕಾಣುವುದಿಲ್ಲ.

ಪರ್ಸೆಲ್ ಕೈಬರಹದ ಪ್ರತಿ ಕೇಂಬ್ರಿಜ್‌ನ ಫಿಟ್ಸ್‌ವಿಲಿಯಮ್ ಮ್ಯೂಸಿಯಮ್ಮಿನಲ್ಲಿದೆ. ಹಾಡು ಮುಗಿದ ಮೇಲೆ ಅದರಲ್ಲಿ ಖಾಲಿ ಹಾಳೆಗಳಿವೆ. ದೊಡ್ಡದೊಂದು ಕೃತಿಯ ಆರಂಭ ಇದಾಗಿದ್ದಿರಬೇಕು ಎಂದು ವಿದ್ವಾಂಸರು ಊಹಿಸುತ್ತಾರೆ. 1695ರ ನವೆಂಬರಿನಲ್ಲಿ, 36ರ ಹರೆಯದಲ್ಲೇ ಪರ್ಸೆಲ್ ತೀರಿಕೊಂಡ. ಗಾಯಕವೃಂದಗಳು ಇಂದಿಗೂ ಈ 34 ಬಾರ್‌ಗಳನ್ನಷ್ಟೇ ಹಾಡುತ್ತವೆ. ನನಗೆ ಇದು ಅಪೂರ್ಣವೆನಿಸಿಲ್ಲ. ಕೀರ್ತನೆಯಲ್ಲಿ ಸಾಂತ್ವನ ಬರುವುದು ಎಷ್ಟೋ ವಚನಗಳ ನಂತರ. ಪರ್ಸೆಲ್ ಬರೆದದ್ದು ಉತ್ತರ ಇನ್ನೂ ಬಾರದವರ ಹಾಡು.