ಕ್ಯಾಮೆರದ ಬೆಳಕಿಂಡಿ

ದೂರದ ಬಸ್ಸಿನ ಹೆಸರುಹಲಗೆ ಸರಿಯಾಗಿ ಕಾಣದಿದ್ದರೆ ನಾವು ಕಣ್ಣನ್ನು ಕಿರಿದುಮಾಡಿ ನೋಡುವುದುಂಟು. ಆಗ ಅಕ್ಷರಗಳು ತುಸು ಸ್ಪಷ್ಟವಾಗುತ್ತವೆ. ಕ್ಯಾಮೆರದ ಮಸೂರದೊಳಗಿರುವ ಬೆಳಕಿಂಡಿಯ ಗುಟ್ಟೂ ಇದೇ. ಇದಕ್ಕೆ ಅಪರ್ಚರ್ ಎಂದು ಹೆಸರು.

ಈ ಕಿಂಡಿಯ ಅಳತೆಯನ್ನು 2, 2.8, 4, 5.6, 8, 11, 16 ಎಂಬ ಅಂಕಿಗಳಿಂದ ಸೂಚಿಸುವುದು ರೂಢಿ. ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಹೊಸಬರು ಎಡವುವುದು ಇಲ್ಲಿಯೇ. ಮಸೂರದ ಸಂಗಮದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆಯಿದು. 50 ಮಿ.ಮೀ. ಮಸೂರದಲ್ಲಿ 2 ಎಂದರೆ 25 ಮಿ.ಮೀ. ಅಗಲದ ಕಿಂಡಿ, 16 ಎಂದರೆ ಸುಮಾರು 3 ಮಿ.ಮೀ. ಮಾತ್ರ.

ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ಮನೆಯ ಮುಂದೆ ಅಜ್ಜಿಯನ್ನು ಕೂರಿಸಿ, ಮೂರು ಮೀಟರು ದೂರದಿಂದ ಇಂಥ ಮಸೂರದಲ್ಲಿ ಚಿತ್ರ ತೆಗೆಯುತ್ತೀರೆನ್ನಿ. ಕ್ಯಾಮೆರ 35 ಮಿ.ಮೀ. ಫಿಲ್ಮಿನದು, ಇಲ್ಲವೆ ಅಷ್ಟೇ ಅಗಲದ ಡಿಜಿಟಲ್ ಕ್ಯಾಮೆರ. ಅಂಕಿ 2ರಲ್ಲಿಟ್ಟರೆ 2.8ರಿಂದ 3.2 ಮೀಟರಿನವರೆಗಿನದು ಮಾತ್ರ ಸ್ಪಷ್ಟ. ಅಜ್ಜಿಯ ಮುಖ ಎದ್ದು ಕಾಣುತ್ತದೆ, ಹಿಂದಿನ ಬಾಗಿಲು ಮಸುಕಾಗುತ್ತದೆ. 16ಕ್ಕೆ ತಿರುಗಿಸಿದರೆ ಹೆಚ್ಚುಕಡಿಮೆ 2ರಿಂದ 7 ಮೀಟರಿನವರೆಗೂ ಎಲ್ಲವೂ ಸ್ಪಷ್ಟ: ಅಜ್ಜಿ, ಬಾಗಿಲು, ಗೂಡಿನಲ್ಲಿಟ್ಟ ದೀಪ. ದೂರದ ಗುಡ್ಡವೂ ಬೇಕೆಂದರೆ ಗುರಿಯನ್ನು 5.25 ಮೀಟರಿಗೆ ಸರಿಸಿರಿ. ಆಗ 2.6 ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಹಿಡಿತಕ್ಕೆ ಬರುತ್ತದೆ.

ಆದರೆ ಇದಕ್ಕೆ ಬೆಲೆ ತೆರಬೇಕು. ಅಂಕಿ ಒಂದೊಂದು ಮೆಟ್ಟಿಲೇರಿದಂತೆ ಬೆಳಕು ಅರ್ಧಕ್ಕರ್ಧ ಇಳಿಯುತ್ತದೆ. 2ರಿಂದ 16ಕ್ಕೆ ಹೋದರೆ ಉಳಿಯುವುದು 64ರಲ್ಲಿ ಒಂದು ಪಾಲು. ಸೆಕೆಂಡಿನ 500ರಲ್ಲಿ ಒಂದು ಭಾಗ ಸಾಕಾಗಿದ್ದ ಚಿತ್ರಕ್ಕೆ ಈಗ 8ರಲ್ಲಿ ಒಂದು ಭಾಗ ಬೇಕು. ಕೈಯಲ್ಲಿ ಹಿಡಿದರೆ ಕ್ಯಾಮೆರ ಅಲುಗುತ್ತದೆ. ಮುಕ್ಕಾಲಿ ಬೇಕು, ಅಜ್ಜಿಯೂ ಅಲುಗಬಾರದು.

ಕಾಡುಪ್ರಾಣಿಗಳಿಗೆ ಅಲುಗಬೇಡವೆಂದು ಹೇಳುವವರಾರು? ಸಂಡೂರಿನ ಎಂ. ವೈ. ಘೋರ್ಪಡೆಯವರು (1931–2011) ರಾಜಕಾರಣದಲ್ಲಿದ್ದೂ ವನ್ಯಜೀವಿಗಳ ಕಪ್ಪುಬಿಳುಪು ಚಿತ್ರಗಳಿಂದ ಹೆಸರಾದವರು. ಇಂಥ ಕೆಲಸದಲ್ಲಿ ಸಂಜೆಯ ಬೆಳಕಿಗೆ ಕಿಂಡಿಯನ್ನು ಅಗಲಿಸುವುದು ಅನಿವಾರ್ಯ. ಪ್ರಾಣಿಯ ಕಣ್ಣು ಸ್ಪಷ್ಟವಾದರೆ ಸಾಕು, ಪೊದೆ ಮಸುಕಾದರೆ ನಷ್ಟವಿಲ್ಲ.

ಹಂಪೆಯ ಕಲ್ಲುಗಳಿಗೆ ಈ ಅವಸರವಿಲ್ಲ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಈ ಊರಿನ ಚಿತ್ರಗಳನ್ನು ತೆಗೆದನು. ಆ ಕಾಗದಕ್ಕೆ ಬೆಳಕು ತಾಕಲು ಬಹಳ ಹೊತ್ತು ಹಿಡಿಯುತ್ತಿತ್ತು. ಕಲ್ಲಿನ ರಥದ ಮೇಲೆ ಅಂದು ಇಟ್ಟಿಗೆಯ ಶಿಖರವಿತ್ತು, ಇಂದು ಇಲ್ಲ. ಅದು ಹೇಗಿತ್ತೆಂಬುದನ್ನು ಆತನ ಚಿತ್ರದಲ್ಲಿ ನಾವು ನೋಡಬಹುದು. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಬಿದ್ದುದೇನು, ನಿಂತುದೇನು ಎಂಬುದು ತಿಳಿಯುತ್ತದೆ. ಹಿನ್ನೆಲೆ ಮಸುಕಾಗಿದ್ದರೆ ಈ ಹೋಲಿಕೆ ಸಾಧ್ಯವಿತ್ತೆ?

ಇಂದು ಮೊಬೈಲಿನ ಪುಟ್ಟ ಮಸೂರ ಹೆಚ್ಚಾಗಿ ಎಲ್ಲವನ್ನೂ ಸ್ಪಷ್ಟವಾಗಿಯೇ ಹಿಡಿಯುತ್ತದೆ. ಆಮೇಲೆ ಲೆಕ್ಕ ಹಾಕಿ ಹಿನ್ನೆಲೆಯನ್ನು ಮಸುಕುಮಾಡುತ್ತದೆ. ಮುಖಕ್ಕೆ ಅದು ಚೆನ್ನವೇ. ಆದರೆ ಬಾಗಿಲ ತೋರಣ, ಗೋಡೆಯ ಸುಣ್ಣ, ಆಚೆಯ ಗುಡ್ಡ ಇವೂ ಮನೆಯ ಚರಿತ್ರೆಯೇ ಅಲ್ಲವೆ? ಆದುದರಿಂದ ಹಿರಿಯರ ಚಿತ್ರ ತೆಗೆಯುವಾಗ ಎರಡು ತೆಗೆಯಿರಿ: ಕಿಂಡಿ ಅಗಲಿಸಿ ಮುಖದ್ದೊಂದು, ಕಿರಿದುಮಾಡಿ ಮನೆಯೊಡನೆ ಇನ್ನೊಂದು. ಮೊದಲನೆಯದನ್ನು ನೀವು ಗೋಡೆಗೆ ತೂಗುಹಾಕುವಿರಿ. ಎರಡನೆಯದನ್ನು ಮೊಮ್ಮಕ್ಕಳು ಹುಡುಕಿ ತೆಗೆದು ನೋಡುವರು.