ತಿಂಗಳ ಲೆಕ್ಕ, ಕೂಡುತ್ತ ಬಂದ ಲೆಕ್ಕ
(ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಹೊತ್ತಿನಲ್ಲಿ ಹೊಗಳಿಕೆಯ ಮಾತು ಬೇರೆಯವರು ಆಡುತ್ತಾರೆ. ನಮಗೆ ಲೆಕ್ಕದ ಬಗ್ಗೆ ಹೇಳಲು ತಿಳಿಸಿದ್ದಾರೆ. ನಾವು ಎಸ್ಸೆಸ್ಸೆಲ್ಸಿ ಓದಿ ಹತ್ತಿ-ತೊಗರಿ ಬೆಳೆಯುವವರು. ತಪ್ಪಿದರೆ ಕಾರ್ಯದರ್ಶಿಗಳು ತಿದ್ದಬೇಕು.

2022ರ ಜೂನಿನಲ್ಲಿ ಕೇಂದ್ರ ಸರ್ಕಾರ ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮಲ್ಲೂ ಕಂಪ್ಯೂಟರ್ ಬಂತು. ಅಂಕಿ ತುಂಬಿದರೆ ಸಾಕು, ಅದೇ ನಕ್ಷೆ ಬರೆದು ಕೊಡ್ತದ. ಒಂದು ವರ್ಷ ಡಿಸೆಂಬರ್ ಸಭೆಯಲ್ಲಿ ಸಾಲ ವಸೂಲಿಯ ನಕ್ಷೆ ನೋಡಿದೆವು. ಏಪ್ರಿಲ್‌ನಿಂದ ಗೆರೆ ಮೇಲಕ್ಕೇ ಏರಿತ್ತು. "ಭಾಳ ಚಲೋ ಅದರಿ" ಅಂತ ಚಹಾ ಕುಡಿದು ಎದ್ದೆವು. ಗಡುವು ಮುಗಿದಾಗ ನೋಡಿದರೆ ಎಷ್ಟೋ ಸದಸ್ಯರದ್ದು ಬಾಕಿ! ವೇಳೆಗೆ ಕಟ್ಟಿದವರಿಗೆ ಮಾತ್ರ ಸೊನ್ನೆ ಬಡ್ಡಿ. ಉಳಿದವರಿಗೆ ಬಡ್ಡಿ ಬಿತ್ತು. ಮನೆ ಮನೆಗೆ ಹೋಗಿ ನೆನಪು ಮಾಡಬೇಕಾದ ನಾವು ಗೆರೆ ನೋಡಿ ಸುಮ್ಮನೆ ಕುಂತಿದ್ದೆವು.

ಆ ಗೆರೆ ಏರದೆ ಇನ್ನೇನು ಮಾಡೀತು? ಅದು ತಿಂಗಳ ವಸೂಲಿ ಅಲ್ಲ, ಕೂಡುತ್ತ ಬಂದ ಮೊತ್ತ. ತಿಳಿಯಲಿ ಅಂತ ಹಿಂಗ ಹಿಡಿಯೋಣ: ಏಪ್ರಿಲ್ 2 ಲಕ್ಷ, ಮೇ 1 ಲಕ್ಷ, ಜೂನ್ ಏನೂ ಇಲ್ಲ, ಜುಲೈ 3 ಲಕ್ಷ. ಕೂಡುತ್ತ ಹೋದರೆ 2, 3, 3, 6. ಜೂನಿನಲ್ಲಿ ಗೆರೆ ಮಟ್ಟಸ ಆಗ್ತದ, ಇಳಿಯೋದಿಲ್ಲ. ಏನೂ ಬರಲಿಲ್ಲ ಅಂತ ಜೂನನ್ನೇ ಬಿಟ್ಟು ತುಂಬಿದರೆ ಆ ಮಟ್ಟಸವೂ ಕಾಣೋದಿಲ್ಲ. ಅದಕ್ಕೇ ಖಾಲಿ ತಿಂಗಳಿಗೂ ಸೊನ್ನೆ ಬರೆಯಬೇಕು.

ಕಂಪ್ಯೂಟರಿಗೆ ನಮ್ಮ ವರ್ಷ ಗೊತ್ತಿಲ್ಲ. ತಿಂಗಳ ಹೆಸರು ಇಂಗ್ಲಿಷಿನಲ್ಲಿ ಬರೆದರೆ ಅಕ್ಷರ ನೋಡಿ ಏಪ್ರಿಲ್ ಆದ ಮೇಲೆ ಆಗಸ್ಟ್, ಆಮೇಲೆ ಡಿಸೆಂಬರ್ ಇಡ್ತದ. ಏಪ್ರಿಲ್‌ಗೆ 1, ಮಾರ್ಚಿಗೆ 12 ಅಂತ ನಂಬರ್ ಕೊಟ್ಟು ಆ ಪ್ರಕಾರ ಜೋಡಿಸಲು ಹೇಳಬೇಕು. ಪ್ರತಿ ಏಪ್ರಿಲ್ 1ಕ್ಕೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು ಆಗಬೇಕು. ಇಲ್ಲದಿದ್ದರೆ ಹಳೇ ವರ್ಷದ ವಸೂಲಿಯೂ ಅದರಾಗೇ ಕೂಡಿಕೊಳ್ತದ. ಇನ್ನೂ ಬಾರದ ತಿಂಗಳಿಗೆ ಸೊನ್ನೆ ಹಾಕಬಾರದು, ಖಾಲಿ ಬಿಡಬೇಕು.

ಎಲ್ಲವನ್ನೂ ಕೂಡಲಿಕ್ಕೂ ಬರೋದಿಲ್ಲ. ನಾರಾಯಣಪುರದ ಬಸವಸಾಗರಕ್ಕೆ ತಿಂಗಳಿಗೆ ಎಷ್ಟು ನೀರು ಹರಿದು ಬಂತು, ಅದನ್ನ ಕೂಡಬಹುದು. ತಿಂಗಳ ಕೊನೆಗೆ ಎಷ್ಟು ನೀರು ನಿಂತದ, ಅದನ್ನ ತಿಂಗಳಿಂದ ತಿಂಗಳಿಗೆ ಕೂಡಿದರೆ ಡ್ಯಾಮಿನಲ್ಲಿ ಇಲ್ಲದ ನೀರು ಕಾಗದದ ಮೇಲೆ ಬರ್ತದ. ವಸೂಲಿ ಹರಿದು ಬಂದ ನೀರು. ಸಾಲ ಬಾಕಿ, ಠೇವಣಿ ಇವು ನಿಂತ ನೀರು. ನಮ್ಮ ಒಬ್ಬ ನಿರ್ದೇಶಕರು ಮೂರು ತಿಂಗಳ ಠೇವಣಿ ಕೂಡಿ ಸಂಘವನ್ನು ಒಂದೇ ದಿನದಲ್ಲಿ ಸಾಹುಕಾರ ಮಾಡಿದ್ದರು, ಹೆಸರು ಹೇಳೋದಿಲ್ಲ.

ಹಂಗಾದರೆ ಕೂಡಿದ ಗೆರೆಯೇ ಬ್ಯಾಡೇನು? ಬೇಕು. ನಮ್ಮಲ್ಲಿ ತೊಗರಿ, ಹತ್ತಿ ಮಾರಿದ ಮೇಲೇ ರೊಕ್ಕ ಬರೋದು, ಒಂದು ತಿಂಗಳು ಕಡಿಮೆ ಆಯ್ತು ಅಂತ ಗಾಬರಿ ಆಗಬಾರದು. ಆದರೆ ಪಕ್ಕದಲ್ಲಿ ಹೋದ ವರ್ಷದ ಗೆರೆಯೂ ಇರಬೇಕು. ಈ ಸಲ ಡಿಸೆಂಬರ್ ತನಕ ಎಷ್ಟು, ಹೋದ ಸಲ ಡಿಸೆಂಬರ್ ತನಕ ಎಷ್ಟು, ಅದನ್ನ ಹೋಲಿಸಬೇಕು. ಹೋದ ವರ್ಷದ ಪೂರಾ ಮೊತ್ತಕ್ಕಲ್ಲ. ಆ ಡಿಸೆಂಬರಿನಲ್ಲಿ ಹಿಂಗ ನೋಡಿದ್ದರೆ ನಾವು ಹಿಂದೆ ಬಿದ್ದದ್ದು ಅಲ್ಲೇ ಕಾಣ್ತಿತ್ತು, ಮೂರು ತಿಂಗಳ ಟೈಮೂ ಇತ್ತು.

ಇನ್ನು ಮುಂದೆ ತಿಂಗಳ ಕಂಬದ ನಕ್ಷೆ ಒಂದು, ಎರಡು ವರ್ಷದ ಗೆರೆಯ ನಕ್ಷೆ ಒಂದು, ಎರಡೂ ಸಂಘದ ಗೋಡೆಗೆ ಹಚ್ಚುತ್ತೇವೆ. ಗೊಬ್ಬರಕ್ಕೆ ಬಂದಾಗ ನೋಡಿರಿ. ತಿಳಿಯದಿದ್ದರೆ ಕೇಳಿರಿ. ಈ ಸಲದ ಗೆರೆ ಕೆಳಗಿದ್ದರೆ ನಮ್ಮನ್ನ ಅಲ್ಲೇ ನಿಲ್ಲಿಸಿ ಕೇಳಿರಿ.