ಕ್ಯಾಥೊಲಿಕ್ ಶಾಲೆಯ ಒಂದು ವರ್ಷ: ಪೋಷಕರ ಹೊಣೆ



ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ನೆಲಸಿರುವ ನಮ್ಮಲ್ಲಿ ಹಲವರು ಮಕ್ಕಳನ್ನು ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗಳಿಗೆ ಸೇರಿಸುತ್ತೇವೆ. ಜೂನ್ ತಿಂಗಳಲ್ಲಿ ನಮ್ಮನ್ನು ಕಾಡುವ ಮೊದಲ ಪ್ರಶ್ನೆ: ಅಲ್ಲಿಯ ಪ್ರಾರ್ಥನೆ ಮಗುವನ್ನು ನಮ್ಮಿಂದ ದೂರಮಾಡೀತೆ?

ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕನ್ನಿತ್ತಿದೆ. ಆದರೆ ಸರಕಾರದ ಮನ್ನಣೆ ಪಡೆದ ಶಾಲೆಯು ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧನೆಗೆ ಒಳಪಡಿಸಕೂಡದೆಂದು 28ನೆಯ ವಿಧಿ ಹೇಳುತ್ತದೆ. ಆದ್ದರಿಂದ ಭಯ ಬೇಡ. ಪ್ರವೇಶದ ದಿನವೇ ವಿಚಾರಿಸಿಕೊಳ್ಳಿ.

ನಿಜವಾದ ಪ್ರಶ್ನೆ ಭಾಷೆಯದು. 2023ರ ಕಾಯಿದೆಯಂತೆ ಗುಜರಾತಿನ ಶಾಲೆಗಳಲ್ಲಿ 1ರಿಂದ 8ನೆಯ ತರಗತಿಯವರೆಗೆ ಗುಜರಾತಿ ಕಡ್ಡಾಯ. ಇದನ್ನು ಹೊರೆಯೆಂದು ಭಾವಿಸಬಾರದು. ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಗಣಿತ ಕಲಿಸಿದ ಸ್ಪೇನಿನ ಫಾದರ್ ವಾಲೆಸ್ ಗುಜರಾತಿ ಕಲಿತು ಅದರ ಜನಪ್ರಿಯ ಲೇಖಕರಾದರು. ತಮ್ಮ ಸ್ಪ್ಯಾನಿಷ್ ಭಾಷೆಯಲ್ಲಿಯೂ ಬರೆದರು. ಒಂದು ನುಡಿಯನ್ನು ಕಲಿಯಲು ಇನ್ನೊಂದನ್ನು ಬಿಡಬೇಕಾಗಿಲ್ಲ.

ಶಾಲೆ ಇಂಗ್ಲಿಷನ್ನೂ ಗುಜರಾತಿಯನ್ನೂ ಕಲಿಸುತ್ತದೆ. ಕನ್ನಡ ಅದರ ಹೊಣೆಯಲ್ಲ. ಊರಿನ ಬಸ್ಸಿನ ಫಲಕವನ್ನು ಓದಲಾರದೆ ಮಗು ಅಜ್ಜನ ಮುಖ ನೋಡಿದರೆ, ತಪ್ಪು ಪಾದ್ರಿಗಳದಲ್ಲ, ನಮ್ಮದು. ದೀಪಾವಳಿ ರಜೆಯೊಳಗೆ ಅಕ್ಷರಮಾಲೆ, ವಾರ್ಷಿಕ ಪರೀಕ್ಷೆಯೊಳಗೆ ಕಾಗುಣಿತ: ಮನೆಯಲ್ಲಿ ದಿನಕ್ಕೆ ಕಾಲುಗಂಟೆ ಮೀಸಲಿಡಿ. ಈ ಜೂನ್‌ನಿಂದಲೇ ತೊಡಗೋಣ.